ಬೆಂಗಳೂರಿಗಿಂತ ಮೊದಲೇ ಹುಲಸೂರಿಗೆ ಬಂದಿದ್ದ ಕಾಯ್ದೆ

ಬೆಂಗಳೂರಿನವರು ಒಪ್ಪಲಿಕ್ಕಿಲ್ಲ, ಆದರೆ ದಾಖಲೆ ಹಾಗಿದೆ. ಗ್ರಂಥಾಲಯ ನಡೆಸುವುದು ಸರ್ಕಾರದ ಹೊಣೆ ಎನ್ನುವ ಕಾಯ್ದೆ ರಾಜಧಾನಿಗೆ ಬರುವ ಹತ್ತು ವರ್ಷ ಮೊದಲೇ ಬೀದರ್ ಜಿಲ್ಲೆಯ ಹುಲಸೂರಿಗೆ ಬಂದಿತ್ತು.

1955ರಲ್ಲಿ ಹೈದರಾಬಾದ್ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. 1948ರ ಮದ್ರಾಸ್ ಕಾಯ್ದೆಯ ನಂತರ ದೇಶದಲ್ಲಿ ಅದೇ ಎರಡನೆಯದು. ಬೀದರ್ ಆಗ ಹೈದರಾಬಾದಿಗೆ ಸೇರಿದ್ದರಿಂದ ಹುಲಸೂರೂ ಅದರ ವ್ಯಾಪ್ತಿಗೆ ಬಂತು. ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ, ಮೂಸಿ ನದಿಯ ದಂಡೆಗಿರುವ ಆಸಫಿಯಾ ಲೈಬ್ರರಿ ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು. 1891ರಲ್ಲಿ ಶುರುವಾದ ಆ ಲೈಬ್ರರಿ ಅರಬ್ಬಿ, ಪಾರ್ಸಿ, ಉರ್ದು ಹಸ್ತಪ್ರತಿಗಳ ಕಣಜವಾಗಿತ್ತು. ಕಾಗದದ ಲೆಕ್ಕದಲ್ಲಾದರೂ ಹುಲಸೂರಿನ ಓದುಗನಿಗೆ ಅದೇ ತಾಯಿಮನೆ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ನಿಜಾಮರ ಆಳ್ವಿಕೆಯಲ್ಲಿ, ಇದೇ ಸೀಮೆಯ ಜನ ಬಹಿರಂಗ ಸಭೆ ನಡೆಸಬೇಕಾದರೂ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಂತೆ ಅಪ್ಪಣೆ ಪಡೆಯಬೇಕಿತ್ತು. ಅಂಥ ನೆಲಕ್ಕೆ ಪುಸ್ತಕದ ಕಾಯ್ದೆ ಬಂದದ್ದು ಸಣ್ಣ ಸಂಗತಿಯಲ್ಲ.

ಅದರ ಭಾಗ್ಯ ಮಾತ್ರ ಸಣ್ಣದಾಗಿತ್ತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಆಸಫಿಯಾ ಅಲ್ಲೇ ಉಳಿಯಿತು, ಕಾಯ್ದೆ ಇಲ್ಲಿಗೂ ಬಂತು. ಹೊಸ ರಾಜ್ಯದ ಸ್ಥಿತಿ ನೋಡಿ: ಮಂಗಳೂರು, ಬಳ್ಳಾರಿಗೆ ಮದ್ರಾಸಿನ ಕಾಯ್ದೆ, ಕಲಬುರಗಿ ಸೀಮೆಗೆ ಹೈದರಾಬಾದಿನದು, ಹಳೇ ಮೈಸೂರಿಗೂ ಧಾರವಾಡದ ಕಡೆಗೂ ಯಾವುದೂ ಇಲ್ಲ! ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. ಸೆಸ್, ಅಂದರೆ ಗ್ರಂಥಾಲಯಕ್ಕೆಂದೇ ವಸೂಲಾಗುವ ಕರ, ಇಲ್ಲದ ಕಾಯ್ದೆಯನ್ನು ಅವರು ಒಪ್ಪುವವರಲ್ಲ. ಕೊನೆಗೆ 1965ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಯಿತು, 1966ರ ಏಪ್ರಿಲ್ 1ರಿಂದ ಜಾರಿಗೂ ಬಂತು. ಹೈದರಾಬಾದಿನ ಕಾಯ್ದೆ ರದ್ದಾಯಿತು.

ನನ್ನ ತಕರಾರು ಇರುವುದು ಈ ಹೊಸ ಕಾಯ್ದೆ ಹಣ ಹಂಚಿದ ರೀತಿಯ ಬಗ್ಗೆ. ಪಟ್ಟಣದ ಗ್ರಂಥಾಲಯಕ್ಕೆ ಮನೆ-ಕಟ್ಟಡಗಳ ತೆರಿಗೆಯ ಮೇಲೆ ಸೆಸ್ ಬಂತು. ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಸಿಕ್ಕಿದ್ದು ಆ ಜಿಲ್ಲೆಯ ಭೂಕಂದಾಯದ ಶೇ 3ರಷ್ಟು ಸರ್ಕಾರಿ ಅನುದಾನ. ಪಟ್ಟಣದಲ್ಲಿ ಮಹಡಿ ಮೇಲೆ ಮಹಡಿ ಏಳುತ್ತದೆ, ತೆರಿಗೆ ಏರುತ್ತದೆ. ಭೂಕಂದಾಯ ಎಲ್ಲಿ ಏರಬೇಕು? ಮಳೆ ನಂಬಿ ತೊಗರಿ, ಉದ್ದು ಬಿತ್ತುವ ಹೊಲಗಳ ಜಿಲ್ಲೆಗೆ ಅದರಲ್ಲಿ ನೂರಕ್ಕೆ ಮೂರು. ಬೆಂಗಳೂರಿಗೆ ಒಂದು ಅಳತೆ, ಬೀದರಿಗೆ ಇನ್ನೊಂದು. ಇದು ಅನ್ಯಾಯ.

ನಡುವಿನ ದಶಕಗಳ ಕಥೆ ಉದ್ದವಿಲ್ಲ. ಪಂಚಾಯಿತಿಗೊಂದು ಗ್ರಂಥಾಲಯ, ಅಲ್ಪ ಗೌರವಧನಕ್ಕೆ ದುಡಿಯುವ ಮೇಲ್ವಿಚಾರಕ, ದಿನಕ್ಕೆ ಕೆಲವೇ ತಾಸು ತೆರೆಯುವ ಬಾಗಿಲು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಹೋದವು. 2020ರಲ್ಲಿ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಬದಲಾವಣೆ ಒಳ್ಳೆಯದೇ ಆಗಿದೆ, ಅಲ್ಲಗಳೆಯುವುದಿಲ್ಲ.

ಮತ್ತೆ ಹಣದ ಮಾತಿಗೆ ಬರೋಣ. ಈಗ ಹಳ್ಳಿಯ ಮನೆಯೂ ಗ್ರಂಥಾಲಯ ಕರ ಕಟ್ಟುತ್ತದೆ; ಗ್ರಾಮ ಪಂಚಾಯಿತಿಯ ಮನೆ ತೆರಿಗೆ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. (ಕೊನೆಯ ಎರಡನ್ನು ಅಕ್ಕಪಕ್ಕ ಕೂರಿಸಿದ ಪುಣ್ಯಾತ್ಮ ಯಾರೋ!) ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ ಪುಸ್ತಕಕ್ಕೆಂದೇ ಅರವತ್ತು ರೂಪಾಯಿ ಕೊಡುತ್ತದೆ. ಅಂದರೆ ಹಳ್ಳಿಯವರು ಪುಕ್ಕಟೆ ಓದುತ್ತಿಲ್ಲ.

ಬಸವಕಲ್ಯಾಣದಿಂದ ಬೇರ್ಪಟ್ಟು ಹುಲಸೂರು 2018ರಲ್ಲಿ ತಾಲ್ಲೂಕಾಯಿತು. ತಾಲ್ಲೂಕೆಂದರೆ ತಹಶೀಲ್ದಾರ್ ಕಚೇರಿ ಮಾತ್ರವೇ? ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಈ ಭಾಗದ ಯುವಕ, ಯುವತಿಯರು ನೌಕರಿ ಪರೀಕ್ಷೆಗೆ ಕೂರುತ್ತಿದ್ದಾರೆ. ಕೋಚಿಂಗಿಗೆ ಕಲಬುರಗಿ, ಧಾರವಾಡಕ್ಕೆ ಹೋಗಿ ರೂಮು ಹಿಡಿಯುವ ಶಕ್ತಿ ಎಲ್ಲರಿಗೂ ಇಲ್ಲ. ಅವರಿಗೆ ಬೇಕಾದದ್ದು ರಾತ್ರಿಯವರೆಗೆ ತೆರೆದಿರುವ ಕೋಣೆ, ಕರೆಂಟು ಹೋದರೂ ಆರದ ದೀಪ, ಈ ವರ್ಷದ ಪುಸ್ತಕ, ಕನ್ನಡದ ಜೊತೆ ಮರಾಠಿ, ಉರ್ದು ಪತ್ರಿಕೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಪ್ರತಿವರ್ಷ ತೆಗೆದಿಡಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ನೀವೂ ಎದ್ದು ನಿಂತು ಕೇಳಿ: ನಮ್ಮಿಂದ ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಪುಸ್ತಕಕ್ಕೆ ಹೋದದ್ದೆಷ್ಟು?