ಅರೆತಲೆನೋವಿನ ಮೂಲ ಮತ್ತು ಮಿದುಳಿನ ಚಿತ್ರಗಳು

ಹುಕ್ಕೇರಿ ತಾಲೂಕಿನ ಸಂಕೇಶ್ವರವು ತನ್ನ ಮೆಣಸಿನಕಾಯಿಗೆ ಹೆಸರಾದ ಊರು. ಒಣಮೆಣಸಿನಕಾಯಿ ಕುಟ್ಟುವ ಮನೆಯ ಮುಂದೆ ಹಾದುಹೋದವರಿಗೂ ಕಣ್ಣು ಮೂಗುಗಳಲ್ಲಿ ನೀರೂರುವುದುಂಟು. ಈ ಉರಿಯನ್ನು ಮಿದುಳಿಗೆ ಒಯ್ಯುವುದು ಹಣೆ, ಕೆನ್ನೆ, ದವಡೆಗಳಿಗೆ ಮೂರು ಕವಲಾಗಿ ಹರಡಿರುವ ತ್ರಿಶಾಖಾ ನರ. ವೈದ್ಯರು ಮೈಗ್ರೇನ್ ಎಂದು ಕರೆಯುವ ಅರೆತಲೆನೋವಿನ ವೇದನೆಯೂ ಇದೇ ನರದ ದಾರಿಯಿಂದ ಬರುತ್ತದೆ. ಈ ಸಂಬಂಧವು ಸಂಶೋಧಕರಿಗೆ ಹೇಗೆ ಉಪಕಾರಿಯಾಯಿತೆಂಬುದನ್ನು ಮುಂದೆ ಹೇಳುವೆವು.

ಇದು ಅಪರೂಪದ ವ್ಯಾಧಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಆ ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 2,329 ಮಂದಿ ವಯಸ್ಕರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಅರೆತಲೆನೋವು ಬಂದಿದ್ದಿತು. ಹೆಂಗಸರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಹೀಗಿದ್ದರೂ ತರಗತಿಗೆ ಬಾರದ ವಿದ್ಯಾರ್ಥಿನಿಯು ತಲೆನೋವೆಂದರೆ ಅದನ್ನು ನೆಪವೆಂದೆಣಿಸುವ ಅಧ್ಯಾಪಕರು ನಮ್ಮಲ್ಲಿ ಇಲ್ಲದಿಲ್ಲ.

ನೋವು ಬಂದಾಗ ಕಣತಲೆಯ ಧಮನಿಯು ಪಟಪಟನೆ ಮಿಡಿಯುವುದು ರೋಗಿಗೆ ಅನುಭವಸಿದ್ಧವಾದ ಸಂಗತಿ. ಅಮೆರಿಕದ ಗ್ರಹಾಂ ಮತ್ತು ವುಲ್ಫ್ ಎಂಬವರು 1938ರಲ್ಲಿ, ಎರ್ಗಟಮಿನ್ ಮದ್ದನ್ನು ಕೊಟ್ಟರೆ ಈ ಮಿಡಿತವೂ ನೋವೂ ಒಟ್ಟಿಗೆ ಇಳಿಯುವುದನ್ನು ತೋರಿಸಿದರು. ರಕ್ತನಾಳಗಳು ಹಿಗ್ಗುವುದೇ ರೋಗದ ಮೂಲವೆಂಬ ಮತವು ಅಂದಿನಿಂದ ಬಹುಕಾಲ ಪಠ್ಯಗ್ರಂಥಗಳಲ್ಲಿ ನಿಂತಿತು. ಆದರೆ ಎರಡು ಸಂಗತಿಗಳು ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗಬೇಕಿಲ್ಲವಷ್ಟೆ.

ಇಲ್ಲಿ ಮೆಣಸಿನಕಾಯಿ ಸಹಾಯಕ್ಕೆ ಬಂದಿತು. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ಸತ್ತ್ವವನ್ನು ಆರ್ನೆ ಮೇ ಮತ್ತು ಸಂಗಡಿಗರು ಆರೋಗ್ಯವಂತರ ಹಣೆಯ ಚರ್ಮಕ್ಕೆ ಚುಚ್ಚಿ, ಎಂ.ಆರ್.ಐ. ಯಂತ್ರದಿಂದ ತಲೆಯೊಳಗಿನ ಧಮನಿಗಳ ಚಿತ್ರ ತೆಗೆದು 2001ರಲ್ಲಿ ಪ್ರಕಟಿಸಿದರು. ಹಣೆ ಉರಿದಾಗ ಮಿದುಳಿಗೆ ರಕ್ತವೊಯ್ಯುವ ದೊಡ್ಡ ಧಮನಿ ಹಿಗ್ಗಿತು. ಕಾಲಿಗೆ ಚುಚ್ಚಿದಾಗ ಹಾಗಾಗಲಿಲ್ಲ. ಎಂದರೆ, ತ್ರಿಶಾಖಾ ನರಕ್ಕೆ ನೋವಾದರೆ ಅದರ ಫಲವಾಗಿಯೇ ನಾಳಗಳು ಹಿಗ್ಗಬಲ್ಲವು. 2013ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು 19 ಮಂದಿ ಸ್ತ್ರೀಯರನ್ನು ಅರೆತಲೆನೋವು ತಾನಾಗಿ ಬಂದ ಹೊತ್ತಿನಲ್ಲಿಯೇ ಪರೀಕ್ಷಿಸಿದಾಗ, ತಲೆಬುರುಡೆಯ ಹೊರಗಣ ಧಮನಿಗಳು ಹಿಗ್ಗಿರಲಿಲ್ಲ; ಒಳಗಿನವು ತುಸುವೇ ಹಿಗ್ಗಿದ್ದುವು. ಮಿಡಿಯುವ ಕಣತಲೆಯನ್ನು ಅಪರಾಧಿಯೆಂದು ಹಿಡಿದುದು ಹೀಗೆ ಸಡಿಲವಾಯಿತು.

ಹಾಗಾದರೆ ಮೊದಲು ಕೆಡುವುದು ಯಾವುದು? ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಮಿನುಗುರೇಖೆ ಕಾಣಿಸಿಕೊಂಡು, ನಿಧಾನವಾಗಿ ಬದಿಗೆ ಸರಿಯುತ್ತದೆ. ಕಾರ್ಲ್ ಲ್ಯಾಷ್ಲಿ ಎಂಬ ಮನೋವಿಜ್ಞಾನಿಯು ತನಗೇ ಕಾಣುತ್ತಿದ್ದ ಈ ರೇಖೆಯನ್ನು ಕಾಗದದ ಮೇಲೆ ಗುರುತಿಸಿ, ಮಿದುಳಿನ ದೃಷ್ಟಿಭಾಗದಲ್ಲಿ ಯಾವುದೋ ಕ್ಷೋಭೆಯು ನಿಮಿಷಕ್ಕೆ 3 ಮಿಲಿಮೀಟರಿನಂತೆ ಹರಿಯುತ್ತಿರಬೇಕೆಂದು 1941ರಲ್ಲಿ ಲೆಕ್ಕಹಾಕಿದನು. ಮೂರು ವರ್ಷಗಳ ತರುವಾಯ ಬ್ರೆಜಿಲಿನ ಲೆಯಾವೊ ಎಂಬವನು ಮೊಲದ ಮಿದುಳಿನಲ್ಲಿ ಅಂಥದೇ ಮಂದಗತಿಯ ಅಲೆಯನ್ನು ಕಂಡನು. 2001ರಲ್ಲಿ ಬಾಸ್ಟನ್ನಿನ ನೂಷಿನ್ ಹಾಜಿಖಾನಿ ಮತ್ತು ಸಹೋದ್ಯೋಗಿಗಳು, ರೇಖೆ ಕಾಣುತ್ತಿರುವಾಗಲೇ ರೋಗಿಯ ಮಿದುಳನ್ನು ಚಿತ್ರಿಸಿ ಅಲೆಯ ವೇಗವನ್ನಳೆದರು: ನಿಮಿಷಕ್ಕೆ ಸುಮಾರು 3.5 ಮಿಲಿಮೀಟರು. ಕಾಗದ, ಪೆನ್ಸಿಲುಗಳಿಂದ ಅರುವತ್ತು ವರ್ಷ ಮೊದಲೇ ಸಾಧಿಸಿದ ಎಣಿಕೆಗೆ ಯಂತ್ರವು ಇಷ್ಟು ಹತ್ತಿರ ಬಂದುದನ್ನು ನೋಡಿ ನಮಗೆ ಈಗಲೂ ಆಶ್ಚರ್ಯವಾಗುತ್ತದೆ.

ಮಿನುಗುರೇಖೆ ಕಾಣದ ರೋಗಿಗಳೇ ಹೆಚ್ಚು. ಅಂಥ ಒಂಬತ್ತು ಮಂದಿಯಲ್ಲಿ, ನೋವಿನ ವೇಳೆ ಮಿದುಳಕಾಂಡದ ರಕ್ತಸಂಚಾರ ಹೆಚ್ಚಿರುವುದನ್ನೂ, ಮದ್ದಿನಿಂದ ನೋವಿಳಿದ ಮೇಲೂ ಅದು ಹಾಗೆಯೇ ಉಳಿದುದನ್ನೂ ಜರ್ಮನಿಯ ವೈಲರ್ ತಂಡವು 1995ರಲ್ಲಿ ವರದಿ ಮಾಡಿತು. 2016ರಲ್ಲಿ ಹ್ಯಾಂಬರ್ಗಿನ ಶುಲ್ಟೆ ಎಂಬಾಕೆಯೂ ಮೇಲೆ ಹೇಳಿದ ಆರ್ನೆ ಮೇಯವರೂ ಒಬ್ಬ ರೋಗಿಯನ್ನು ಮೂವತ್ತು ದಿನ, ದಿನಕ್ಕೊಮ್ಮೆ, ಯಂತ್ರದೊಳಗೆ ಮಲಗಿಸಿ ನೋಡಿದರು. ಹಸಿವು ನಿದ್ರೆಗಳನ್ನು ನಿಯಂತ್ರಿಸುವ ಹೈಪೊಥೆಲಮಸ್ ಎಂಬ ಭಾಗದ ವರ್ತನೆಯು ನೋವಿಗೆ ಒಂದು ದಿನ ಮೊದಲೇ ಬದಲಾಗುತ್ತಿದ್ದಿತು. ಒಬ್ಬನ ಮೇಲಣ ಪ್ರಯೋಗದಿಂದ ಎಲ್ಲರಿಗೂ ಸಿದ್ಧಾಂತ ಕಟ್ಟಲಾಗದೆಂಬುದು ನಿಜ. ಆದರೂ ನೋವಿಗೆ ಮುಂಚೆ ಆಕಳಿಕೆ ಬರುವುದು, ಸಿಹಿ ಬೇಕೆನಿಸುವುದು ಇದರಿಂದ ಅರ್ಥವಾಗತೊಡಗುತ್ತದೆ. ಕಬ್ಬಿನ ಸೀಮೆಯಲ್ಲಿ ಬೆಲ್ಲ ತಿಂದುದರಿಂದಲೇ ತಲೆನೋವು ಬಂತೆನ್ನುವವರಲ್ಲಿ ಕೆಲವರಿಗಾದರೂ ಬೆಲ್ಲದ ಆಸೆಯೇ ಬರಲಿರುವ ನೋವಿನ ಮೊದಲ ಚಿಹ್ನೆಯಾಗಿರಬಹುದು.

ಇಷ್ಟರಿಂದ ಚಿಕಿತ್ಸೆಗೂ ಲಾಭವಾಗದಿರಲಿಲ್ಲ. ತ್ರಿಶಾಖಾ ನರವು ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ದ್ರವ್ಯವನ್ನು ಸ್ರವಿಸುತ್ತದೆ. ಅದನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಳಕೆಗೆ ಬಂದುವು. ಇಂಥ ಮದ್ದುಗಳ ಬಲವನ್ನು ಅಳೆಯುವ ಒಂದು ವಿಧಾನವೆಂದರೆ, ಮುಂಗೈಗೆ ಕ್ಯಾಪ್ಸೈಸಿನ್ ಲೇಪಿಸಿ ಚರ್ಮವು ಕೆಂಪೇರುವುದು ಎಷ್ಟು ತಗ್ಗಿತೆಂದು ನೋಡುವುದು. ಇಲ್ಲಿಯೂ ಮೆಣಸಿನಕಾಯಿಯೇ!

ಕೊನೆಯದಾಗಿ ಒಂದು ತಪ್ಪು ತಿಳುವಳಿಕೆಯನ್ನು ಹೇಳಬೇಕು. ಸಂಕೇಶ್ವರದಿಂದ ಬೆಳಗಾವಿಗೋ ಕೊಲ್ಹಾಪುರಕ್ಕೋ ಹೋಗಿ, ಸಾವಿರಾರು ರೂಪಾಯಿ ತೆತ್ತು ಸ್ಕ್ಯಾನ್ ಮಾಡಿಸಿ, ಏನೂ ಇಲ್ಲವೆಂಬ ವರದಿಯನ್ನು ತಂದವರನ್ನು ಮನೆಯವರು ಅನುಮಾನದಿಂದ ನೋಡುವುದುಂಟು. ಆಸ್ಪತ್ರೆಯ ಸಾಮಾನ್ಯ ಸ್ಕ್ಯಾನ್ ಗಡ್ಡೆ, ರಕ್ತಸ್ರಾವ ಮುಂತಾದ ರಚನೆಯ ದೋಷಗಳನ್ನು ಹುಡುಕತಕ್ಕದ್ದು. ನಾವು ವಿವರಿಸಿದ ಚಿತ್ರಗಳು ಮಿದುಳು ಕೆಲಸಮಾಡುವ ಬಗೆಯನ್ನು ಹಿಡಿದಂಥವು. ಥಟ್ಟನೆ ಬಡಿದ ಭೀಕರ ತಲೆನೋವು, ಕೈಕಾಲಿನ ಸೋಲು, ಜ್ವರದೊಡನೆ ಕತ್ತಿನ ಬಿಗಿತ, ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ನೋವು, ಇವುಗಳಿಗೆ ಸ್ಕ್ಯಾನ್ ಬೇಕೇ ಬೇಕು, ತಡಮಾಡಲೂ ಕೂಡದು. ಹಲವು ವರ್ಷಗಳಿಂದ ಒಂದೇ ಬಗೆಯಾಗಿ ಬಂದುಹೋಗುವ ಅರೆತಲೆನೋವನ್ನು ವೈದ್ಯನು ಗುರುತಿಸುವುದು ಮುಖ್ಯವಾಗಿ ರೋಗಿಯ ಮಾತಿನಿಂದ. ಅಲ್ಲಿ ವರದಿಯು ನಿರ್ದೋಷವಾಗಿ ಬರುವುದೇ ಸಹಜ.