ನಕ್ಷತ್ರ ಐದು, ಸಿಗ್ನಲ್ ಎಷ್ಟು?

ಪ್ರಶ್ನೆ: ಗ್ರಾಹಕರ ರೇಟಿಂಗ್ ನಂಬಿ ಕುಂಸಿಯಲ್ಲಿ ಸಿಮ್ ಆರಿಸಬಹುದೇ?

ಉತ್ತರ: ಅದೊಂದನ್ನೇ ನೆಚ್ಚಬೇಡಿ. ದೇಶವ್ಯಾಪಿ ರೇಟಿಂಗಿನಲ್ಲಿ ಬೆಂಗಳೂರಿನ ಅಭಿಪ್ರಾಯದ ನಡುವೆ ಕುಂಸಿಯದು ಕರಗಿಹೋಗುತ್ತದೆ. ಕುಂಸಿಯಲ್ಲಿ ಸಿಗ್ನಲ್ ತೀರ್ಮಾನಿಸುವುದು ಹತ್ತಿರದ ಟವರು, ನಡುವಿನ ಮರ-ಗುಡ್ಡ. ಕಂಪನಿಯ ಆ್ಯಪ್‌ಗೆ ಬಿದ್ದ ನಕ್ಷತ್ರಗಳಂತೂ ಎಷ್ಟೋ ಸಲ ರೀಚಾರ್ಜ್ ಸಲೀಸಾದದ್ದಕ್ಕೆ! ಸಾವಿರಾರು ಜನ ಒಟ್ಟಿಗೆ ತಪ್ಪುವರೇ ಎನ್ನಬಹುದು. ತಪ್ಪಲಾರರು, ಆದರೆ ಅವರು ಹೇಳುತ್ತಿರುವುದು ತಮ್ಮೂರಿನ ಮಾತು. ಹಾಗೆಂದು ರೇಟಿಂಗ್ ಪೂರ್ತಿ ವ್ಯರ್ಥವಲ್ಲ: ಬಿಲ್ಲು, ದೂರು ಪರಿಹಾರದ ರೀತಿ ಊರಿಂದೂರಿಗೆ ಅಷ್ಟು ಬದಲಾಗದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮದಂತೆ ಕಂಪನಿಗಳು ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕು. ಅದರಲ್ಲಿ ಕುಂಸಿ ಹುಡುಕಿ. ನಕ್ಷೆ ಬಿಡಿಸಿದವರೂ ಕಂಪನಿಯವರೇ ಆದ್ದರಿಂದ ನೆರೆಯವರ ಫೋನನ್ನು ನಿಮ್ಮ ಮನೆಯೊಳಗೇ ಪರೀಕ್ಷಿಸಿ. ಈಗಿನ ಸಿಮ್ ಸರಿಹೋಗದಿದ್ದರೆ ಚಿಂತೆಯಿಲ್ಲ: 2011ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಮತ್ತೆ ಬದಲಿಸಲು ಮಾತ್ರ 90 ದಿನ ಕಾಯಬೇಕು.