ತಿರುಪುಗಳ ವಂಶಾವಳಿ

ನಡುಮನೆಯಲ್ಲಿ ಪ್ರತಿಷ್ಠಿತವಾದ ಸ್ಟೀರಿಯೋ ಯಂತ್ರದ ಮುಖದ ಮೇಲಿನ ವಾಲ್ಯೂಮ್, ಬಾಸ್, ಟ್ರೆಬಲ್, ಬ್ಯಾಲೆನ್ಸ್ ಎಂಬ ನಾಲ್ಕು ತಿರುಪುಗಳಲ್ಲಿ ಮೊದಲನೆಯದನ್ನುಳಿದು ಮಿಕ್ಕವುಗಳ ಗೊಡವೆಗೆ ಹೋಗುವವರು ವಿರಳ. ಹೋದವರಲ್ಲಿಯೂ ಬಹುಮಂದಿ ಬಾಸನ್ನು ಕಡೆಯವರೆಗೂ ತಿರುಗಿಸಿ, ಮೃದಂಗದ ಗುಮುಕಿ ಕೋಣೆಯನ್ನೆಲ್ಲ ತುಂಬಿ ವೀಣೆಯ ಮೀಟು ಅದರಡಿಯಲ್ಲಿ ಅಡಗಿಹೋದಾಗ, ಧ್ವನಿಮುದ್ರಿಕೆಯ ತಟ್ಟೆಯೇ ಕೆಟ್ಟದ್ದೆಂದು ತೀರ್ಪು ಕೊಡುವವರು. ಕಿವಿಯದೋ, ತಟ್ಟೆಯದೋ, ಕೋಣೆಯದೋ ಒಂದೊಂದು ನ್ಯೂನತೆಯ ಪರಿಹಾರಾರ್ಥವಾಗಿ ಈ ತಿರುಪುಗಳು ಜನಿಸಿದುವೆಂಬುದನ್ನು ಅರಿತರೆ ಅವುಗಳ ಮೇಲೆ ಸ್ವಲ್ಪ ಗೌರವ ಹುಟ್ಟೀತು.

ಕೀಲಿ ಕೊಡುವ ಗ್ರಾಮಫೋನಿನ ಕಾಲದಲ್ಲಿ ಶಬ್ದವನ್ನು ಏರಿಸುವ ತಿರುಪೇ ಇರಲಿಲ್ಲ. ದಪ್ಪ ಮುಳ್ಳಿಗೆ ಗಟ್ಟಿ ಧ್ವನಿ, ಸಪೂರ ಮುಳ್ಳಿಗೆ ಮೆಲುಧ್ವನಿ, ಅಷ್ಟೆ. 1906ರಲ್ಲಿ ಅಮೆರಿಕದ ವಿಕ್ಟರ್ ಕಂಪನಿಯು ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮರೆಮಾಡಿ ಹೊರತಂದ ವಿಕ್ಟ್ರೋಲಾದಲ್ಲಿ, ಕಹಳೆಯ ಬಾಯಿಗೆ ಎರಡು ಪುಟ್ಟ ಕದಗಳಿದ್ದುವು. ತೆರೆದರೆ ಗಾನ, ಮುಚ್ಚಿದರೆ ಗುಣುಗು.

1925ರಿಂದೀಚೆಗೆ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ನೆರವು ದೊರೆತ ಮೇಲೆ ಬೇರೊಂದು ತೊಡಕು ಎದುರಾಯಿತು. ಮಂದ್ರಧ್ವನಿಯನ್ನು ಇದ್ದಂತೆಯೇ ಕೆತ್ತಿದರೆ ತಟ್ಟೆಯ ಗೆರೆ ಅಗಲವಾಗಿ ತೂಗಾಡಿ ಪಕ್ಕದ ಗೆರೆಯನ್ನೇ ಆಕ್ರಮಿಸುವುದು. ತಾರಧ್ವನಿಯನ್ನು ಇದ್ದಂತೆಯೇ ಬಿಟ್ಟರೆ ಮುಳ್ಳಿನ ಸರಸರ ಸದ್ದು ಅದನ್ನು ನುಂಗುವುದು. ಆದಕಾರಣ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸುವುದು, ನುಡಿಸುವಾಗ ಅದನ್ನು ತಿರುವುಮುರುವಾಗಿಸುವುದು ರೂಢಿಗೆ ಬಂದಿತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ! ಕೇಳುಗನು ತಟ್ಟೆ ಬದಲಿಸಿದಾಗಲೆಲ್ಲ ಯಂತ್ರದ ತಿರುಪನ್ನೂ ಬದಲಿಸಬೇಕಾಗಿದ್ದ ಈ ಅರಾಜಕತೆಯು 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮ ಸಂಘವು ಒಂದೇ ಮಾನವನ್ನು ಗೊತ್ತುಮಾಡಿದ ಮೇಲೆ ಕ್ರಮೇಣ ಶಮನವಾಯಿತು. ಆ ಮಾನದಂತೆ, 20 ಹರ್ಟ್ಸ್‌ನ ಧ್ವನಿಯು ತಟ್ಟೆಯ ಮೇಲೆ ಸುಮಾರು 19 ಡೆಸಿಬೆಲ್ ತಗ್ಗಿಯೂ, 10,000 ಹರ್ಟ್ಸ್‌ನದು ಸುಮಾರು 14 ಡೆಸಿಬೆಲ್ ಏರಿಯೂ ಇರುವುದು.

ಮಂದ್ರ ತಾರಗಳನ್ನು ಹದಗೊಳಿಸುವ ಬಾಸ್ ಟ್ರೆಬಲುಗಳಿಗೆ ಇಂದಿನ ರೂಪವನ್ನಿತ್ತವನು ಇಂಗ್ಲೆಂಡಿನ ಪೀಟರ್ ಬ್ಯಾಕ್ಸೆಂಡಾಲ್. ಅದಕ್ಕೆ ಮುನ್ನ ಸಾಮಾನ್ಯ ರೇಡಿಯೋಗಳಲ್ಲಿದ್ದ ‘ಟೋನ್’ ತಿರುಪು ತಾರವನ್ನು ಕತ್ತರಿಸುವುದೊಂದನ್ನೇ ಬಲ್ಲುದಾಗಿತ್ತು. ತಿರುಗಿಸಿದಷ್ಟೂ ವಾರ್ತೆ ಓದುವವರು ಕಂಬಳಿ ಹೊದ್ದು ಮಾತಾಡಿದಂತಾಗುತ್ತಿತ್ತು. ಮಾಲ್ವರ್ನಿನ ರಾಡಾರ್ ಸಂಶೋಧನಾಲಯದಲ್ಲಿ ಉದ್ಯೋಗಿಯಾಗಿದ್ದ ಬ್ಯಾಕ್ಸೆಂಡಾಲನು 1952ರ ಅಕ್ಟೋಬರಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿದ್ಯುನ್ಮಂಡಲವು, ಹೊರಬಂದ ಸಂಕೇತದ ಒಂದಂಶವನ್ನು ವಿಲೋಮವಾಗಿ ಒಳಕ್ಕೆ ಮರಳಿಸುವ ಉಪಾಯದಿಂದ, ಮಂದ್ರವನ್ನೂ ತಾರವನ್ನೂ ಒಂದರ ಹಂಗು ಇನ್ನೊಂದಕ್ಕಿಲ್ಲದೆ ಏರಿಸಲೂ ಇಳಿಸಲೂ ಅವಕಾಶ ಕೊಟ್ಟಿತು. ತಿರುಪು ನಡುವೆ ನಿಂತಾಗ ಧ್ವನಿಗೆ ಯಾವ ವಿಕಾರವೂ ಇಲ್ಲ. ಬೆಸುಗೆಕಡ್ಡಿ ಹಿಡಿಯಬಲ್ಲ ಹವ್ಯಾಸಿಯಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ಎಲ್ಲರೂ ಅದನ್ನು ಎತ್ತಿಕೊಂಡರು.

ಕೆಲವು ಯಂತ್ರಗಳಲ್ಲಿರುವ ‘ಲೌಡ್‌ನೆಸ್’ ಗುಂಡಿಯ ಮೂಲ ನಮ್ಮ ಕಿವಿಯಲ್ಲಿಯೇ ಉಂಟು. ಶಬ್ದ ತಗ್ಗಿದಂತೆ ಮನುಷ್ಯನ ಕಿವಿಗೆ ಮಂದ್ರವು ಉಳಿದವುಗಳಿಗಿಂತ ಬೇಗ ಮಾಯವಾಗುವುದೆಂದು ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಮಕ್ಕಳು ಮಲಗಿದ ಮೇಲೆ ಮೆಲ್ಲನೆ ಕೇಳುವಾಗ, ಆ ನಷ್ಟವನ್ನು ತುಂಬಲು ಮಂದ್ರವನ್ನು ಏರಿಸುವ ಈ ಗುಂಡಿಯನ್ನೊತ್ತುವುದು ಯುಕ್ತ. ಹಗಲಿನ ಅಬ್ಬರದಲ್ಲಿಯೂ ಒತ್ತಿಯೇ ಬಿಡುವುದು ನೆರೆಯವರ ಮೇಲಿನ ಅಪಚಾರ.

ಬ್ಯಾಲೆನ್ಸಿನ ಕಥೆ ದುಃಖಾಂತವಾದುದು. ಲಂಡನ್ನಿನ ಇಎಂಐ ಸಂಸ್ಥೆಯ ಅಲನ್ ಬ್ಲಮ್‌ಲೈನ್, ಸಿನಿಮಾದಲ್ಲಿ ನಟನು ಪರದೆಯ ಒಂದು ಬದಿಗಿದ್ದರೆ ಅವನ ಧ್ವನಿ ಇನ್ನೆಲ್ಲಿಂದಲೋ ಬರುವುದನ್ನು ಸಹಿಸದೆ ಸ್ಟೀರಿಯೋ ವಿಚಾರಕ್ಕೆ ಕೈಹಾಕಿದನೆಂದು ಹೇಳುತ್ತಾರೆ. 1931ರ ಡಿಸೆಂಬರಿನಲ್ಲಿ ಆತನು ಸಲ್ಲಿಸಿದ ಪೇಟೆಂಟಿನಲ್ಲಿ, ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ವಾಹಿನಿಗಳನ್ನು ಕೆತ್ತುವ ವಿಧಾನವೂ ಅಡಕವಾಗಿದ್ದಿತು. 1942ರಲ್ಲಿ, ರಾಡಾರ್ ಪರೀಕ್ಷೆಗೆಂದು ಹೊರಟ ವಿಮಾನವು ಉರುಳಿ ಆತನು 38ರ ಪ್ರಾಯದಲ್ಲಿಯೇ ಗತಿಸಿದನು; ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ, ಆತನ ಪೇಟೆಂಟಿನ ಅವಧಿಯೂ ಮುಗಿದ ಮೇಲೆ. ಕುರ್ಚಿಯು ಎರಡು ಸ್ಪೀಕರುಗಳಿಗೆ ಸಮದೂರದಲ್ಲಿರುವ ಮನೆ ಅಪರೂಪವಾದುದರಿಂದ ಬ್ಯಾಲೆನ್ಸ್ ತಿರುಪು ಅನಿವಾರ್ಯವಾಯಿತು. ಅದನ್ನು ಹದಗೊಳಿಸಬೇಕಾದರೆ ಹಳೆಯ ಮೋನೋ ತಟ್ಟೆಯೊಂದನ್ನು ಹಾಕಿ, ತಾವು ಕೂರುವಲ್ಲಿಯೇ ಕೂತು, ಗಾಯಕನು ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತಂತೆ ತೋರುವವರೆಗೆ ಮನೆಯವರಿಗೆ ತಿರುಗಿಸಲು ಹೇಳಿದರಾಯಿತು.

ವಿಚಿತ್ರವೆಂದರೆ, ಬಹು ದುಬಾರಿಯ ಅನೇಕ ಆಂಪ್ಲಿಫೈಯರುಗಳಲ್ಲಿ ಈಗ ಬಾಸ್ ಟ್ರೆಬಲುಗಳೇ ಇಲ್ಲ. ಶುದ್ಧ ಧ್ವನಿಗೆ ತಿರುಪುಗಳು ಕಳಂಕವೆಂಬುದು ಇಂಥ ಯಂತ್ರಗಳ ಪಕ್ಷಪಾತಿಗಳ ಸಿದ್ಧಾಂತ. ಕೆತ್ತುವಾಗಲೇ ಹಿಗ್ಗಿಸಿ ಕುಗ್ಗಿಸಿದ ತಟ್ಟೆಯನ್ನು ನುಡಿಸುವವರ ಬಾಯಲ್ಲಿ ಈ ಮಡಿಯ ಮಾತು ನನಗೇನೋ ಒಪ್ಪುವುದಿಲ್ಲ. ಮೊಸಾಯಿಕ್ ನೆಲದ, ಪರದೆಯಿಲ್ಲದ ಕಿಟಕಿಗಳ ಕೋಣೆಯಲ್ಲಿ ಪಿಟೀಲಿನ ಮೇಲಣ ಸ್ವರಗಳು ಕಿವಿ ಚುಚ್ಚುವಾಗ ಟ್ರೆಬಲನ್ನು ಒಂದು ಗೆರೆ ಹಿಂದಕ್ಕೆ ಸರಿಸಲು ತಿರುಪೇ ಇಲ್ಲವಾದರೆ, ಅಷ್ಟು ಹಣ ತೆತ್ತ ಮಹನೀಯನು ಮತ್ತೆ ಪೇಟೆಗೆ ಹೋಗಿ ಒಂದು ಜಮಖಾನವನ್ನು ಕೊಂಡುತರಬೇಕಾಗುವುದು.